ಹಳೆಯ ಟ್ರ್ಯಾಕ್ಟರುಗಳ ಕುಲಗೋತ್ರ

ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಎಲ್ಲೆಗೆ ಸಮೀಪವಾಗಿರುವ ಬೈರಕೂರು ಹೋಬಳಿಯಂತಹ ಪ್ರದೇಶದಲ್ಲಿ ಸಂಚರಿಸುವವರಿಗೆ, ಹೊಂಗೆಯ ನೆರಳಿನಲ್ಲಿಯೋ ಹಿತ್ತಿಲ ಹುಲ್ಲುಮೆದೆಯ ಮಗ್ಗುಲಿನಲ್ಲಿಯೋ, ಚಕ್ರದ ಗಾಳಿ ಇಳಿದು, ಬಣ್ಣ ಮಾಸಿ, ಬಾನೆಟ್ಟಿನ ಮೇಲೆ ಕೋಳಿ ಕೂರುವ ದಶೆಗೆ ಬಂದ ಹಳೆಯ ಟ್ರ್ಯಾಕ್ಟರು ಒಂದಲ್ಲ ಒಂದು ಕಡೆ ಕಣ್ಣಿಗೆ ಬೀಳದೆ ಇರದು. ಮನೆಯ ಹಿರಿಯರಿಗೆ ಅದು ‘ಮ್ಯಾಸಿ’ ಅಥವಾ ‘ಫೋರ್ಡು’. ರಾಗಿಯ ಹೊಲವನ್ನು ಮೊದಲ ಮಳೆಗೆ ಉತ್ತದ್ದು, ಕೆರೆಯ ಹಿಂದಣ ಗದ್ದೆಯನ್ನು ಕೇಜ್‌ವೀಲು ಕಟ್ಟಿ ಕೆಸರು ಮಾಡಿದ್ದು, ಮದುವೆಯ ದಿಬ್ಬಣವನ್ನು ಟ್ರೇಲರಿನಲ್ಲಿ ಕೂರಿಸಿಕೊಂಡು ಹೋದದ್ದು, ಇವೆಲ್ಲ ಅವರ ನೆನಪಿನಲ್ಲಿ ಆ ಯಂತ್ರದೊಡನೆ ಬೆಸೆದುಕೊಂಡಿವೆ. ಮನೆಯ ಕಿರಿಯರಿಗಾದರೋ ಅದು ಜಾಗ ಹಿಡಿದುಕೊಂಡಿರುವ ಕಬ್ಬಿಣ. ಈ ಎರಡು ದೃಷ್ಟಿಗಳ ನಡುವೆ, ಅದು ಯಾವ ದೇಶದಲ್ಲಿ, ಯಾವ ವರ್ಷ, ಯಾವ ಕಾರ್ಖಾನೆಯಲ್ಲಿ ಹುಟ್ಟಿದ್ದು, ಅದರ ಯಾವ ಅವಯವ ಮೂಲದ್ದು, ಯಾವುದು ಆಮೇಲೆ ಬಂದು ಸೇರಿದ್ದು ಎಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲದೆ, ಅನೇಕ ಅಪೂರ್ವ ಯಂತ್ರಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಅದು ವಿಷಾದದ ಸಂಗತಿ. ತಡೆಯಬಹುದಾದ ಸಂಗತಿಯೂ ಹೌದು.

ಹಳೆಯ ಟ್ರ್ಯಾಕ್ಟರಿಗೆ ಬೆಲೆ ಕಟ್ಟುವಲ್ಲಿ ಜನ ಸಾಮಾನ್ಯವಾಗಿ ಎರಡು ಅತಿಗಳಿಗೆ ಹೋಗುತ್ತಾರೆ. ಕೆಲವರು ಕಬ್ಬಿಣದ ದರವೊಂದನ್ನೇ ನೋಡುತ್ತಾರೆ; ಮತ್ತೆ ಕೆಲವರು, ಯಾರೋ ಧನಿಕರು ಹಳೆಯ ಕಾರಿಗೆ ಲಕ್ಷಗಟ್ಟಲೆ ಕೊಟ್ಟರೆಂಬ ಸುದ್ದಿಯನ್ನು ಕೇಳಿ, ತಮ್ಮ ಹಿತ್ತಿಲಿನ ಯಂತ್ರಕ್ಕೂ ಅಷ್ಟೇ ಬೆಲೆ ಬರಬೇಕೆಂದು ಹಟ ಹಿಡಿಯುತ್ತಾರೆ. ಗುರುತು ನಿರ್ಣಯವಾಗದೆ ಬೆಲೆ ನಿರ್ಣಯವಾಗದು. ಆವಣಿಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಬಾಯಿ ಬಿಡಿಸಿ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿಯುವನೇ ಹೊರತು, ಕೊಂಬಿಗೆ ಬಳಿದ ಬಣ್ಣವನ್ನು ಕಂಡು ಮಾತು ಕೊಡುವುದಿಲ್ಲವಷ್ಟೆ. ಟ್ರ್ಯಾಕ್ಟರಿನ ಪರೀಕ್ಷೆಯೂ ಅದೇ ಕ್ರಮದಲ್ಲಿ ನಡೆಯತಕ್ಕದ್ದು.

ಈ ಯಂತ್ರಗಳು ನಮ್ಮ ದೇಶಕ್ಕೆ ಬಂದ ಬಗೆಯನ್ನು ಸ್ವಲ್ಪ ತಿಳಿದಿದ್ದರೆ ಪರೀಕ್ಷೆಯ ಅರ್ಧ ಮುಗಿದಂತೆ. 1917ರಲ್ಲಿ ಹೆನ್ರಿ ಫೋರ್ಡ್ ‘ಫೋರ್ಡ್‌ಸನ್’ ಎಂಬ ಟ್ರ್ಯಾಕ್ಟರನ್ನು ಅಮೆರಿಕದಲ್ಲಿ ಭಾರಿ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ, ಟ್ರ್ಯಾಕ್ಟರೆಂಬುದು ಶ್ರೀಮಂತ ಜಮೀನ್ದಾರರ ವಿನೋದವಾಗಿ ಉಳಿಯದೆ ಸಾಧಾರಣ ರೈತನ ಯೋಚನೆಯೊಳಕ್ಕೂ ಬಂದಿತು. ಭಾರತದಲ್ಲಿ ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು ಟ್ರ್ಯಾಕ್ಟರುಗಳಿಗಾಗಿಯೇ ಒಂದು ಕೇಂದ್ರ ಸಂಸ್ಥೆಯನ್ನು ಏರ್ಪಡಿಸಿ, ಅಮೆರಿಕದ ಸೇನೆ ಬಿಟ್ಟುಹೋದ ಯಂತ್ರಗಳಿಂದ ಆರಂಭಿಸಿ, 1949ರಲ್ಲಿ ವಿಶ್ವಬ್ಯಾಂಕಿನಿಂದ ಪಡೆದ ಒಂದು ಕೋಟಿ ಡಾಲರುಗಳ ಸಾಲದಿಂದ ಮತ್ತಷ್ಟು ಯಂತ್ರಗಳನ್ನು ತರಿಸಿ, ಮಧ್ಯಭಾರತದ ಹೊಲಗಳಲ್ಲಿ ಬೇರೂರಿದ್ದ ಕಾನ್ಸ್ ಎಂಬ ಹಠಮಾರಿ ಹುಲ್ಲನ್ನು ಕೀಳಿಸಿತು. ಆದರೆ ಟ್ರ್ಯಾಕ್ಟರನ್ನು ನಾವೇ ಕಟ್ಟಿದ್ದು 1959ರ ಏಪ್ರಿಲ್ 24ರಂದು, ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರು ಹೊರಬಂದಾಗ. ಅನಂತರ ಮದರಾಸಿನಲ್ಲಿ ಟೆಫೆ, ಮುಂಬಯಿಯಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನೊಡನೆ ಕೈಜೋಡಿಸಿದ ಮಹೀಂದ್ರ, ಫರೀದಾಬಾದಿನಲ್ಲಿಯೇ ಎಸ್ಕಾರ್ಟ್ಸ್, ಹೀಗೆ ಒಂದೊಂದೇ ಕಾರ್ಖಾನೆ ಎದ್ದಿತು. 1961-62ರಲ್ಲಿ ಇಡೀ ದೇಶದಲ್ಲಿ ತಯಾರಾದ ಟ್ರ್ಯಾಕ್ಟರುಗಳು 880 ಮಾತ್ರ. ಆದುದರಿಂದ, 1959ಕ್ಕೆ ಹಿಂದಿನದೆಂದು ಯಾರಾದರೂ ಒಂದು ಟ್ರ್ಯಾಕ್ಟರನ್ನು ತೋರಿಸಿದರೆ ಅದು ವಿದೇಶದಲ್ಲಿ ಹುಟ್ಟಿ ಹಡಗಿನಲ್ಲಿ ಬಂದದ್ದೆಂದು ನಿಸ್ಸಂಶಯವಾಗಿ ತಿಳಿಯಬಹುದು. ಅದು ಭಾರತದಲ್ಲಿ ತಯಾರಾದುದೆಂದು ಅದರ ಫಲಕ ಹೇಳಿದರೆ, ಮಾಲೀಕರು ಹೇಳಿದ ವರ್ಷ ತಪ್ಪು.

ವಿದೇಶದಿಂದ ಬಂದವುಗಳಲ್ಲಿ ವಿಶೇಷ ಗೌರವಕ್ಕೆ ಪಾತ್ರವಾದದ್ದು, ನನ್ನ ಮಟ್ಟಿಗೆ, ಬೂದುಬಣ್ಣದ ಸಣ್ಣ ಫರ್ಗುಸನ್. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಟಿಇ-20 ಎಂಬ ಈ ಟ್ರ್ಯಾಕ್ಟರಿನ ತೂಕ ಸುಮಾರು 1,100 ಕಿಲೊ. ಇಂದಿನ ಯಂತ್ರಗಳ ಪಕ್ಕದಲ್ಲಿ ಅದು ಕರುವಿನಂತೆ ಕಾಣುತ್ತದೆ. ಆದರೂ ಇಂದು ಜಗತ್ತಿನಲ್ಲಿ ಓಡುವ ಟ್ರ್ಯಾಕ್ಟರುಗಳಲ್ಲಿ ಬಹುಪಾಲು ಬೆನ್ನ ಹಿಂದೆ ಹೊತ್ತಿರುವ ಮೂರು ತೋಳಿನ ಹೈಡ್ರಾಲಿಕ್ ಜೋಡಣೆಯನ್ನು ಮನೆಮಾತು ಮಾಡಿದ್ದು ಅದೇ. ಅದಕ್ಕೆ ಮುಂಚೆ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸರಪಳಿಯಿಂದಲೋ ಕೊಂಡಿಯಿಂದಲೋ ಎಳೆಯುತ್ತಿದ್ದರು; ಗುಳವು ನೆಲದೊಳಗಿನ ಬಂಡೆಗೆ ಸಿಕ್ಕಿಕೊಂಡರೆ, ಹಿಂಚಕ್ರಗಳು ತಿರುಗುವ ಹಟದಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಯಂತ್ರವು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುವ ಅಪಾಯವಿದ್ದಿತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಕೆಳಗಿನ ಎರಡು ತೋಳುಗಳಿಂದ ನೇಗಿಲನ್ನು ಎಳೆಯಿಸಿ, ಮೇಲಿನ ಮೂರನೆಯ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುವಂತೆ ರಚಿಸಿದನು. ನೇಗಿಲಿಗೆ ಅಡ್ಡಿ ಹೆಚ್ಚಿದಂತೆ ಆ ಒತ್ತಡವೇ ಹೈಡ್ರಾಲಿಕ್ಕಿಗೆ ಸೂಚನೆ ಕೊಟ್ಟು ನೇಗಿಲನ್ನು ತಾನಾಗಿ ಕೊಂಚ ಎತ್ತುತ್ತದೆ, ಮೂತಿಯೂ ನೆಲ ಬಿಡುವುದಿಲ್ಲ. ಎರಡು ಗೇಣು ಕೆಮ್ಮಣ್ಣಿನ ಕೆಳಗೆ ಬಂಡೆಯಿರುವ ನಮ್ಮ ಕೋಲಾರದ ಸೀಮೆಯಲ್ಲಿ ಉತ್ತವರಿಗೆ ಈ ಉಪಾಯದ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ಫರ್ಗುಸನ್ನಿನ ಗುರುತು ಹಿಡಿಯುವುದು ಸುಲಭ. ಚಾಲಕನ ಮುಂದಿನ ಹಲಗೆಯ ಮೇಲೆ ಕ್ರಮಸಂಖ್ಯೆಯ ಫಲಕವಿರುತ್ತದೆ. ಅದರಲ್ಲಿ ಟಿಇಎ ಎಂದಿದ್ದರೆ ಪೆಟ್ರೋಲಿನದು, ಟಿಇಡಿ ಎಂದಿದ್ದರೆ ಸೀಮೆಎಣ್ಣೆಯ ಜಾತಿಯ ಇಂಧನದ್ದು, ಟಿಇಎಫ್ ಎಂದಿದ್ದರೆ 1951ರಿಂದ ಬಂದ ಡೀಸೆಲಿನದು. ಫಲಕ ಕಳೆದುಹೋಗಿದ್ದರೆ ಗೇರಿನ ಕೋಲನ್ನು ನೋಡಬೇಕು: ಇಂಜಿನ್ನನ್ನು ಎಬ್ಬಿಸುವ ಸ್ಟಾರ್ಟರು ಆ ಕೋಲಿನಲ್ಲಿಯೇ ಅಡಕವಾಗಿದ್ದು, ಅದನ್ನು ‘ಎಸ್’ ಎಂಬ ಸ್ಥಾನಕ್ಕೆ ತಳ್ಳಿದಾಗಲೇ ಇಂಜಿನ್ ತಿರುಗುತ್ತದೆ, ಹೀಗಾಗಿ ಗೇರಿನಲ್ಲಿರುವಾಗ ಅಕಸ್ಮಾತ್ತಾಗಿ ಅದು ಚಾಲೂ ಆಗಲಾರದು. ಇದರ ಜೊತೆಗೆ ಬರುತ್ತಿದ್ದ ಪಾನಾದ ಹಿಡಿಯ ಮೇಲೆ ಅಂಗುಲದ ಗೆರೆಗಳಿರುತ್ತಿದ್ದವು. ನೇಗಿಲನ್ನು ಹೊಂದಿಸುವಾಗ ಅದೇ ಅಳತೆಗೋಲು. ಅಂತಹ ಪಾನಾ ಯಾರದಾದರೂ ಅಟ್ಟದ ಮೇಲೆ ಸಿಕ್ಕಿದರೆ ಅದನ್ನು ಜೋಪಾನ ಮಾಡಬೇಕು.

ಫರ್ಗುಸನ್ನಿನ ಉತ್ತರಾಧಿಕಾರಿ 35 ಎಂಬ ಮಾದರಿ. 1956ರಲ್ಲಿ ಬೂದು ತಗಡು, ಕಂಚಿನ ಬಣ್ಣದ ಇಂಜಿನ್ನಿನೊಡನೆ ಬಂದ ಅದು 1957ರ ಕೊನೆಗೆ, ಮ್ಯಾಸಿ ಫರ್ಗುಸನ್ ಎಂಬ ಹೆಸರಿನ ಜೊತೆಗೆ, ಕೆಂಪು ಬಣ್ಣ ತೊಟ್ಟಿತು. ಆರಂಭದ ಡೀಸೆಲಿಗೆ ನಾಲ್ಕು ಸಿಲಿಂಡರು. ಅದು ಚಳಿಯಲ್ಲಿ ಸುಲಭವಾಗಿ ಎದ್ದೇಳುತ್ತಿರಲಿಲ್ಲ. 1959ರಿಂದ ಮೂರು ಸಿಲಿಂಡರಿನ ಪರ್ಕಿನ್ಸ್ ಇಂಜಿನ್ ಬಂದು ಆ ತೊಂದರೆ ನೀಗಿತು. ಮದರಾಸಿನ ಟೆಫೆಯಲ್ಲಿ ಇದೇ ವಂಶವು ಮುಂದುವರಿದು, ಪರ್ಕಿನ್ಸಿನ ಮಾದರಿಯಲ್ಲಿ ಸಿಂಪ್ಸನ್ ಕಂಪನಿ ತಯಾರಿಸಿದ ಇಂಜಿನ್ ಹೊತ್ತು, 1035 ಎಂಬ ಹೆಸರಿನಿಂದ ದಕ್ಷಿಣ ಭಾರತದ ಹೊಲಗಳನ್ನೆಲ್ಲ ತುಂಬಿತು. ನಮ್ಮ ಸೀಮೆಯಲ್ಲಿ ‘ಮ್ಯಾಸಿ’ ಎನಿಸಿಕೊಳ್ಳುವವುಗಳಲ್ಲಿ ಬಹುಪಾಲು ಈ ಮದರಾಸಿನ ಸಂತಾನವೇ, ಇಂಗ್ಲೆಂಡಿನದು ವಿರಳ.

ಯಂತ್ರಶಾಸ್ತ್ರ ಅರಿಯದವರೂ ಮಾಡಬಹುದಾದ ಒಂದು ಪರೀಕ್ಷೆಯುಂಟು: ಡೀಸೆಲ್ ಪಂಪಿನಿಂದ ಇಂಜಿನ್ನಿನ ತಲೆಗೆ ಹೋಗುವ ಸಣ್ಣ ಉಕ್ಕಿನ ನಳಿಗೆಗಳನ್ನು ಎಣಿಸುವುದು. ಎಷ್ಟು ನಳಿಗೆಯೋ ಅಷ್ಟು ಸಿಲಿಂಡರು. ಮೂರಿದ್ದು ತಗಡಿಗೆ ನೀಲಿ, ಚಕ್ರಕ್ಕೆ ಕಿತ್ತಳೆ ಬಣ್ಣವಿದ್ದರೆ ಅದು ಫೋರ್ಡ್‌ಸನ್ ಡೆಕ್ಸ್‌ಟ ಆಗಿರಬಹುದು. ನಾಲ್ಕಿದ್ದು ಕೆಂಪಾಗಿದ್ದರೆ ಇಂಟರ್‌ನ್ಯಾಷನಲ್ ಬಿ-275ನ್ನು ಸಂದೇಹಿಸಬಹುದು. ಎರಡಿದ್ದರೆ ಚೆಕೊಸ್ಲೊವಾಕಿಯದ ಜೆಟರ್, ಅಥವಾ ಅದರ ಸಹಯೋಗದಿಂದ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಾದ, ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯ ಟ್ರ್ಯಾಕ್ಟರು; ಒಂದೇ ಇದ್ದು, ಮುಂದೆ ನೀರಿನ ರೇಡಿಯೇಟರೇ ಇಲ್ಲದೆ ಗಾಳಿಯಿಂದ ತಂಪಾಗುವ ಇಂಜಿನ್ ಇದ್ದರೆ ಐಷರ್. ಎರಕದ ಮೇಲೆ ರಷ್ಯದ ಅಕ್ಷರಗಳು ಕಂಡರೆ ಬೈಲೋರಸ್ ಮುಂತಾದ ಸೋವಿಯತ್ ಯಂತ್ರಗಳ ಕಡೆಗೆ ತಿರುಗಬೇಕು. ಇವೆಲ್ಲ ಮೊದಲ ಊಹೆಗಳು. ಊಹೆಯನ್ನು ನಿರ್ಣಯವಾಗಿಸುವುದು ಸಂಖ್ಯೆಗಳು.

ಸಂಖ್ಯೆಗಳಲ್ಲಿ ಎರಡು ಬಗೆ ಎಂಬುದನ್ನು ಓದುಗರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ, ಏಕೆಂದರೆ ಮೋಸವೂ ಭ್ರಮೆಯೂ ಹುಟ್ಟುವುದು ಇಲ್ಲಿಯೇ. ಎರಕ ಹೊಯ್ಯುವಾಗಲೇ ಅಚ್ಚಿನಿಂದ ಬಂದು ಲೋಹದ ಮೇಲೆ ಉಬ್ಬಿ ನಿಂತ ಅಂಕಿಗಳು ಆ ಭಾಗದ ಮಾದರಿಯ ಸಂಖ್ಯೆ. ಸಾವಿರಾರು ಟ್ರ್ಯಾಕ್ಟರುಗಳಲ್ಲಿ ಅದೇ ಅಂಕಿ ಇರುತ್ತದೆ. ಉಕ್ಕಿನ ಅಚ್ಚಿನಿಂದ ಕುಟ್ಟಿ ತಗ್ಗಾಗಿ ಮೂಡಿಸಿದ ಅಂಕಿಗಳು ಆ ಒಂದು ಯಂತ್ರಕ್ಕೆ ಮಾತ್ರ ಸೇರಿದವು. ನೋಂದಣಿ ಪುಸ್ತಕದಲ್ಲಿ ಚಾಸಿಸ್ ಮತ್ತು ಇಂಜಿನ್ ಸಂಖ್ಯೆಗಳೆಂದು ಬರೆದಿರುವುದು ಇವನ್ನೇ. ಕುಟ್ಟಿದ ಅಂಕಿಗಳ ಸುತ್ತ ಅರ ಹಾಕಿದ ಗುರುತು ಇದ್ದರೆ, ಅಥವಾ ಅಂಕಿಗಳು ಒಂದು ಸಾಲಿನಲ್ಲಿ ನಿಲ್ಲದೆ ಬೇರೆ ಬೇರೆ ಆಳಕ್ಕೆ ಇಳಿದಿದ್ದರೆ, ಕೊಳ್ಳುವವರು ಅಲ್ಲಿಗೆ ಮಾತು ನಿಲ್ಲಿಸುವುದು ಒಳ್ಳೆಯದು. ಕೆಲವು ಕಂಪನಿಗಳು ಎರಕದ ದಿನವನ್ನೂ ಬರೆದಿವೆ: 1965ರ ನಂತರದ ಫೋರ್ಡ್ ಟ್ರ್ಯಾಕ್ಟರುಗಳಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಅನಂತರದ ಇಂಗ್ಲಿಷ್ ಅಕ್ಷರ ತಿಂಗಳು, ಕೊನೆಯದು ತಾರೀಖು, ‘8ಎ24’ ಎಂದರೆ 1968ರ ಜನವರಿ 24 ಆಗಬಹುದು, ಆದರೆ 1978ರದೂ ಆಗಬಹುದಾದ್ದರಿಂದ ಬೇರೆ ಸಾಕ್ಷ್ಯದೊಡನೆ ತಾಳೆ ನೋಡಬೇಕು. ಎರಕ ಹೊಯ್ದ ದಿನವು ಟ್ರ್ಯಾಕ್ಟರು ಪೂರ್ಣವಾದ ದಿನಕ್ಕಿಂತ ಕೆಲವು ವಾರ ಹಿಂದಿನದಾಗಿರುವುದು ಸಹಜ; ನೋಂದಣಿಯ ವರ್ಷಕ್ಕಿಂತ ಮುಂದಿನ ದಿನ ಕಂಡರೆ ಆ ಭಾಗವು ಆಮೇಲೆ ಬಂದದ್ದು.

ಸಣ್ಣ ಭಾಗಗಳೂ ಸಾಕ್ಷಿ ನುಡಿಯುತ್ತವೆ. ಲ್ಯೂಕಾಸ್ ಕಂಪನಿಯ ಡೈನಮೊ, ಸ್ಟಾರ್ಟರುಗಳ ಮೈಮೇಲೆ ತಿಂಗಳು ಮತ್ತು ವರ್ಷವನ್ನು ಕುಟ್ಟುವ ಪದ್ಧತಿಯಿದ್ದಿತು. ಡೀಸೆಲ್ ಪಂಪಿನ ಮೇಲೆ ಮೈಕೊ ಎಂದಿದ್ದರೆ ಅದು 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಾರ್ಖಾನೆಯದು. ಇಂಗ್ಲೆಂಡಿನಿಂದ ನೇರ ಬಂದದ್ದೆಂದು ಹೇಳುವ ಟ್ರ್ಯಾಕ್ಟರಿನಲ್ಲಿ ಅದು ಕಂಡರೆ ಪಂಪು ಬದಲಾಗಿದೆ ಎಂದರ್ಥ. ಬ್ರಿಟನ್ನಿನ ಹಳೆಯ ಯಂತ್ರಗಳ ಬೋಲ್ಟುಗಳು ಅಂಗುಲದ ಲೆಕ್ಕದವು, ಜೆಟರಿನವು ಮಿಲಿಮೀಟರಿನವು; ಯಾವ ಪಾನಾ ಎಲ್ಲಿ ಕೂರುತ್ತದೆ, ಎಲ್ಲಿ ಜಾರುತ್ತದೆ ಎಂಬುದರಿಂದಲೇ ನುರಿತ ಫಿಟ್ಟರು ಯಾವ ಭಾಗ ಬಿಚ್ಚಿ ಬದಲಾಗಿದೆಯೆಂದು ಹೇಳಬಲ್ಲನು. ಬಣ್ಣವನ್ನು ಪರೀಕ್ಷಿಸುವವರು ಬಾನೆಟ್ಟಿನ ಹೊರಮೈಯನ್ನು ನೋಡಿ ಪ್ರಯೋಜನವಿಲ್ಲ. ಬ್ಯಾಟರಿಯ ತಟ್ಟೆಯ ಕೆಳಗೆ, ಟೂಲ್‌ಬಾಕ್ಸಿನ ಹಿಂದೆ, ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ಮೂಲವರ್ಣವು ಐವತ್ತು ಅರವತ್ತು ವರ್ಷಗಳಾದರೂ ಉಳಿದಿರುತ್ತದೆ.

ನಮ್ಮ ಜಿಲ್ಲೆಯ ಟ್ರ್ಯಾಕ್ಟರುಗಳ ವಿಷಯದಲ್ಲಿ ಇಂಗ್ಲೆಂಡಿನ ಸಂಗ್ರಾಹಕರ ಅಳತೆಗೋಲನ್ನು ಯಥಾವತ್ತಾಗಿ ಹಿಡಿಯುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಅಲ್ಲಿ ಕಾರ್ಖಾನೆಯಿಂದ ಬಂದಂತೆಯೇ ಇರುವುದಕ್ಕೆ ಪ್ರಥಮ ಸ್ಥಾನ. ಇಲ್ಲಿ ಟ್ರ್ಯಾಕ್ಟರು ಉಳುಮೆಯ ಜೊತೆಗೆ ಬಾವಿ ತೋಡಿತು, ಬೆನ್ನಿಗೆ ಕಂಪ್ರೆಸರನ್ನು ಹೊತ್ತು ಬಂಡೆಗೆ ರಂಧ್ರ ಕೊರೆಯಿತು, ರಸ್ತೆಯ ಮೇಲೆ ಹಾಸಿದ ರಾಗಿಯನ್ನು ತುಳಿಯಿತು, ಶ್ರೀನಿವಾಸಪುರದ ಮಾವಿನ ತೋಪುಗಳ ಸಾಲುಗಳ ನಡುವೆ ಕಳೆ ತೆಗೆಯಿತು. ಪೆಟ್ರೋಲು ದುಬಾರಿಯಾದಾಗ ಹಳೆಯ ಇಂಜಿನ್ನನ್ನು ಇಳಿಸಿ ಡೀಸೆಲಿನದನ್ನು ಕೂರಿಸಿದ ಮೇಸ್ತ್ರಿಯ ಕೌಶಲವು ಆ ಯಂತ್ರದ ಚರಿತ್ರೆಯ ಭಾಗವೇ ಆಗಿದೆ. ಅದರಿಂದ ಸಂಗ್ರಹದ ಬೆಲೆ ತಗ್ಗುವುದು ನಿಜ. ಆದರೆ ಮರೆಮಾಚದೆ ಹೇಳಿದ ಬದಲಾವಣೆ ದೋಷವಲ್ಲ. ಬದಲಾವಣೆಯನ್ನು ಮುಚ್ಚಿ ಮೂಲವೆಂದು ಮಾರುವುದು ದೋಷ.

ಬೆಲೆಯ ಮಾತಿಗೆ ಬರೋಣ. ತಳದ ಬೆಲೆ ಕಬ್ಬಿಣದ್ದು. ಮ್ಯಾಸಿ 35ರಂತಹ ಟ್ರ್ಯಾಕ್ಟರು ಸುಮಾರು 1,400 ಕಿಲೊ ತೂಗುವುದರಿಂದ ಅದನ್ನು ಗುಜರಿಯ ಆ ದಿನದ ದರದಿಂದ ಯಾರಾದರೂ ಗುಣಿಸಿಕೊಳ್ಳಬಹುದು, ಅದಕ್ಕಿಂತ ಕಡಮೆಗೆ ಕೊಡುವುದು ಅವಿವೇಕ. ಅದರ ಮೇಲಿನದು ದುಡಿಮೆಯ ಬೆಲೆ. ಇಂಜಿನ್ ತಣ್ಣಗಿರುವಾಗ ತಾವೇ ನಿಂತು ಚಾಲೂ ಮಾಡಿಸಬೇಕು, ಏಕೆಂದರೆ ಮೊದಲೇ ಕಾಯಿಸಿಟ್ಟ ಇಂಜಿನ್ ಎಲ್ಲರೆದುರೂ ಒಳ್ಳೆಯದೇ; ಇಂಜಿನ್ನಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ, ಹೆಡ್ಡೋ ಬ್ಲಾಕೋ ಸೀಳಿರಬಹುದು; ನೇಗಿಲನ್ನು ಎತ್ತಿ ಇಂಜಿನ್ ನಿಲ್ಲಿಸಿದಾಗ ಅದು ಕೂಡಲೆ ನೆಲಕ್ಕೆ ಬಿದ್ದರೆ ಹೈಡ್ರಾಲಿಕ್ಕಿನ ಸೀಲುಗಳು ಸೋತಿವೆ; ಹಿಂದಿನ, ಬೇರೆ ಯಂತ್ರಗಳನ್ನು ತಿರುಗಿಸುವ ಪಿ.ಟಿ.ಒ. ದಂಡದ ಹಲ್ಲುಗಳು ಸವೆದು ಚೂಪಾಗಿದ್ದರೆ ಆ ಯಂತ್ರವು ನೇಗಿಲಿಗಿಂತ ಹೆಚ್ಚಾಗಿ ಕಂಪ್ರೆಸರಿಗೋ ಪಂಪಿಗೋ ದುಡಿದಿದೆ. ಇವೆರಡರ ಮೇಲೆ ಪ್ರಾಚೀನತೆಯ ಬೆಲೆ ಕೂರುತ್ತದೆ. ಅದು ವಿರಳತೆ, ಮೂಲತನ, ದಾಖಲೆಗಳ ಪೂರ್ಣತೆ ಇವುಗಳಿಂದ ನಿರ್ಣಯವಾಗತಕ್ಕದ್ದು. ಇಲ್ಲಿ ಒಂದು ವಿಚಿತ್ರ ನ್ಯಾಯವಿದೆ: ಬಿಡಿಭಾಗ ಸುಲಭವಾಗಿ ಸಿಕ್ಕುವ ಮ್ಯಾಸಿಯನ್ನು ದುರಸ್ತಿ ಮಾಡುವುದು ಹಗುರ, ಆದ್ದರಿಂದಲೇ ಅದು ಅಪೂರ್ವವಲ್ಲ; ಆದರೆ ಎಚ್.ಎಂ.ಟಿ.ಯ ಟ್ರ್ಯಾಕ್ಟರು ವಿಭಾಗವನ್ನು 2016ರಲ್ಲಿ ಮುಚ್ಚಲು ಸರ್ಕಾರ ನಿರ್ಧರಿಸಿದ ಮೇಲೆ, ಮೊನ್ನೆಮೊನ್ನೆಯವರೆಗೂ ಸಾಧಾರಣವೆನಿಸಿದ್ದ ಅದರ 2511 ಟ್ರ್ಯಾಕ್ಟರಿನ ಒಳ್ಳೆಯ ಮಾದರಿಗಳು ಅಪೂರ್ವದ ದಾರಿ ಹಿಡಿದಿವೆ.

ಬಿಡಿಭಾಗಗಳಿಗೂ ಇದೇ ನ್ಯಾಯ. ಪಿಸ್ಟನ್, ಲೈನರು, ಬೇರಿಂಗು, ಆಯಿಲ್ ಸೀಲು ಇವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಮದರಾಸಿನಲ್ಲಿಯೋ ಹೊಸದಾಗಿ ಸಿಕ್ಕುವವರೆಗೆ ಹಳೆಯದಕ್ಕೆ ಹೆಚ್ಚಿನ ಬೆಲೆಯಿಲ್ಲ. ಯಾರೂ ಈಗ ತಯಾರಿಸದ ಭಾಗಗಳೇ ಅಮೂಲ್ಯ: ಮೂತಿಯ ಜಾಲರಿ, ಕಂಪನಿಯ ಲಾಂಛನ, ಸ್ಟೀರಿಂಗ್ ಚಕ್ರ, ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಗಡಿಯಾರ, ಪೆಟ್ರೋಲ್ ಇಂಜಿನ್ನಿನ ಕಾರ್ಬುರೇಟರು, ಮ್ಯಾಗ್ನೆಟೊ, ಬೆಲ್ಟಿನ ರಾಟೆ, ಕಂಪನಿಯ ಕೈಪಿಡಿ. ಇಡೀ ಟ್ರ್ಯಾಕ್ಟರನ್ನು ಉಳಿಸಲಾಗದಿದ್ದರೂ ಇವನ್ನು ಬಿಚ್ಚಿ, ಯಾವ ಸಂಖ್ಯೆಯ ಯಂತ್ರದಿಂದ ಬಿಚ್ಚಿದ್ದೆಂದು ಚೀಟಿ ಕಟ್ಟಿ ಇಟ್ಟರೆ, ಇನ್ನೆಲ್ಲಿಯೋ ಜಾಲರಿಯಿಲ್ಲದೆ ನಿಂತಿರುವ ಅದರ ಜೊತೆಗಾರನಿಗೆ ಪ್ರಾಣ ಬರುತ್ತದೆ.

ಕಾನೂನಿನ ಕೆಲವು ಮಾತುಗಳನ್ನೂ ತಿಳಿದಿರುವುದು ಕ್ಷೇಮ. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ವಸ್ತುವೇ ಸಾಮಾನ್ಯವಾಗಿ ಪ್ರಾಚ್ಯವಸ್ತು. ನಮ್ಮ ಹಳ್ಳಿಗಳ ಟ್ರ್ಯಾಕ್ಟರುಗಳಿಗೆ ಆ ರಕ್ಷಣೆ ಇಲ್ಲ. ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಶೇಷ ನೋಂದಣಿ ಕೊಡುವ 2021ರ ನಿಯಮವೂ ದ್ವಿಚಕ್ರ ವಾಹನಗಳಿಗೆ ಮತ್ತು ಸ್ವಂತ ಬಳಕೆಯ ಕಾರುಗಳಿಗೆ ಸಂಬಂಧಿಸಿದ್ದು. ಟ್ರ್ಯಾಕ್ಟರನ್ನು ಅದು ಒಳಗೊಳ್ಳದೆ ಹೋದದ್ದು ಕೃಷಿಪ್ರಧಾನವೆಂದು ಹೇಳಿಕೊಳ್ಳುವ ದೇಶದಲ್ಲಿ ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ. ಆದುದರಿಂದ ಹಳೆಯ ಆರ್.ಸಿ. ಪುಸ್ತಕವೇ ಈ ಯಂತ್ರಗಳ ಜಾತಕ. ಕೆ.ಎ. 07 ಎಂಬ ಕೋಲಾರದ ಇಂದಿನ ಗುರುತಿಗೆ ಹಿಂದಿನ, ಮೈಸೂರು ಕಾಲದ ಸಂಖ್ಯೆಯಿರುವ ಪುಸ್ತಕ, ಪಿ.ಎಲ್.ಡಿ. ಬ್ಯಾಂಕಿನ ಸಾಲದ ಪತ್ರ, ಮೊದಲು ಕೊಂಡಾಗಿನ ರಶೀದಿ, ಇವುಗಳಲ್ಲಿ ಒಂದಿದ್ದರೂ ಯಂತ್ರದ ಬೆಲೆ ಏರುತ್ತದೆ. ತಾಂತ್ರಿಕ ವಿವರಗಳಿಗೆ, ಮಧ್ಯಪ್ರದೇಶದ ಬುದ್ನಿಯಲ್ಲಿರುವ ಟ್ರ್ಯಾಕ್ಟರ್ ಪರೀಕ್ಷಾ ಕೇಂದ್ರದ ವರದಿಗಳೂ, ಅಮೆರಿಕದ ನೆಬ್ರಾಸ್ಕದಲ್ಲಿ 1920ರಿಂದ ನಡೆದುಬಂದಿರುವ ಪರೀಕ್ಷೆಗಳ ವರದಿಗಳೂ ನೆರವಾಗುತ್ತವೆ.

ಹಿತ್ತಿಲಲ್ಲಿ ಇಂತಹ ಯಂತ್ರವಿರುವವರಲ್ಲಿ ನನ್ನದೊಂದು ಪ್ರಾರ್ಥನೆ. ಗುಜರಿಯವನೊಡನೆ ಮಾತಾಡುವುದಕ್ಕೆ ಮುಂಚೆ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಫಲಕವನ್ನೂ ಕುಟ್ಟಿದ ಅಂಕಿಗಳನ್ನೂ ಮೆಲ್ಲಗೆ ಒರೆಸಿ, ಸೀಮೆಸುಣ್ಣ ಉಜ್ಜಿ, ಅಕ್ಷರಗಳು ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಉಕ್ಕಿನ ಬ್ರಷ್ಷು ಹಾಕಬೇಡಿ, ಮೇಲೆ ಹೊಸ ಬಣ್ಣ ಬಳಿಸಬೇಡಿ. ಅದನ್ನು ಓಡಿಸಿದ ಹಿರಿಯರು ಇನ್ನೂ ಇದ್ದರೆ, ಎಲ್ಲಿಂದ ತಂದದ್ದು, ಎಷ್ಟು ಕೊಟ್ಟದ್ದು, ಯಾವ ವರ್ಷ ಇಂಜಿನ್ ಬಿಚ್ಚಿಸಿದ್ದು ಎಂಬುದನ್ನು ಕೇಳಿ ಆರ್.ಸಿ. ಪುಸ್ತಕದೊಡನೆ ಒಂದು ಹಾಳೆಯಲ್ಲಿ ಬರೆದಿಡಿ. ಮಾರುವುದೇ ನಿಶ್ಚಯವಾದರೆ, ತೂಕಕ್ಕೆ ಹಾಕುವುದಕ್ಕೆ ಮೊದಲು ಕೊಳ್ಳುವವರು ಇಬ್ಬರು ಮೂವರನ್ನಾದರೂ ವಿಚಾರಿಸಿ, ಆ ಹಾಳೆಯನ್ನೂ ಯಂತ್ರದೊಡನೆಯೇ ಕೊಟ್ಟು ಕಳುಹಿಸಿ.